ಶಹಾಪುರದಲ್ಲಿ ಮುಖ ಓದುವುದು

ರಸ್ತೆಯಂಚಿಗೆ ಬೈಕು ನಿಲ್ಲಿಸಿ
ಹೊರಗಿನವರಿಗೆ ತೋರಿಸುತ್ತಾನೆ ನನ್ನ ತಮ್ಮ ಸಾಬಣ್ಣ:
“ಅಲ್ಲಿ ನೋಡ್ರಿ, ಹಣಿ. ಅದು ಮೂಗು.
ಇನ್ನೊಂದೀಟು ಈ ಕಡಿ ಬರ್ರಿ, ತುಟಿ ಕಾಣ್ತಾವ.”
ಗುಡ್ಡದ ಕಲ್ಲಿನಲ್ಲಿ ಮಲಗಿದ ಬುದ್ಧನನ್ನು
ಎರಡು ನಿಮಿಷದಲ್ಲಿ ಓದಿಬಿಡುವ ಹುಡುಗ.

ನಿನ್ನೆ ಮನೆಗೆ ಬಂದದ್ದು ರಾತ್ರಿ ಹನ್ನೊಂದೂವರೆಗೆ.
ಅವ್ವ ಹೊಸ್ತಿಲಲ್ಲೇ ನಿಂತಿದ್ದಳು,
ಮುಷ್ಟಿಯಲ್ಲಿ ಫೋನು ಬೆವೆತಿತ್ತು.
“ಯಾಕ ಹಂಗ ಸಿಟ್ಟಿಲೆ ನೋಡ್ತಿ?” ಅಂದ,
ತಾಟು ಸರಿಸಿದ, ಕದ ಬಡಿದ.

ಸಿಟ್ಟಲ್ಲವೋ.
ಭೀಮರಾಯನಗುಡಿ ತಿರುವಿನಲ್ಲಿ
ಯಾರದೋ ಬೈಕು ಬಿದ್ದಿದೆಯೆಂದು ಸುದ್ದಿ ಬಂದಿತ್ತು.

ನರ್ಸಿಂಗ್ ಪುಸ್ತಕದಲ್ಲಿ ಓದಿದ್ದೇನೆ:
ಹಣೆಯ ಹಿಂದಿನ ಮಿದುಳು ಎಲ್ಲಕ್ಕಿಂತ ತಡವಾಗಿ ಬಲಿಯುತ್ತದೆ,
ಅಲ್ಲಿಯವರೆಗೆ ಅಂಜಿದ ಮುಖವೂ ಕೆಲವೊಮ್ಮೆ
ಸಿಟ್ಟಾದಂತೆ ಕಾಣುತ್ತದೆ.
ಐದು ಅಂಕಕ್ಕೆ ಬರೆದೂ ಬಂದೆ.
ಅವ್ವನಿಗೆ ಇಷ್ಟೇ ಹೇಳಿದೆ: “ಇನ್ನಾ ಬಲಿಬೇಕವ್ವ ಅಂವ.”
“ತೊಗರಿ ಹಂಗೇನು?” ಅಂದಳು. ನಗಲಿಲ್ಲ.

ಬೆಳಿಗ್ಗೆ ರೊಟ್ಟಿ ಮುರಿಯುತ್ತ ಸಾಬಣ್ಣ
ಒಲೆಯ ಮುಂದಿನ ಅವಳ ಮುಖವನ್ನು ಓರೆಗಣ್ಣಲ್ಲಿ ನೋಡಿದ.
ತಾಟು ಎತ್ತಿಕೊಂಡು ಒಂದೀಟು ಈ ಕಡೆ ಸರಿದು ಕುಳಿತ.
ಅಲ್ಲಿಂದ ಏನು ಕಂಡಿತೋ,
“ರಾತ್ರಿ ನೀ ಉಂಡಿಲ್ಲೇನ?” ಅಂದ.