ನಿನ್ನದು ಎಷ್ಟು ವರ್ಷದ್ದು?

ಜೈಲಿನಲ್ಲಿ ಕೇಳುವ ಹಾಗೆ ಕೇಳುತ್ತೇವೆ ನಾವೂ,
ಕಾರವಾರದ ಆಸ್ಪತ್ರೆ ಗೇಟಿನೆದುರು, ನೈಟ್ ಡ್ಯೂಟಿ ಮುಗಿಸಿ
ಬನ್ಸ್ ಉಬ್ಬುವುದನ್ನು ಕಾಯುತ್ತ:
ನಿನ್ನದು ಎಷ್ಟು ವರ್ಷದ್ದು?

ಲವಿನಾಳದು ನಾಲ್ಕು. ಬಿಎಸ್ಸಿ.
ಬೈತಖೋಲದಲ್ಲಿ ಅಪ್ಪ ದೋಣಿಯ ಪಾಲು ಮಾರಿದ.
ಈಗ ಅದೇ ದೋಣಿಗೆ ಕೂಲಿ ಹೋಗುತ್ತಾನೆ
ಎಂದು ನಕ್ಕು ಹೇಳುತ್ತಾಳೆ,
ಹೇಳಿದ ಮೇಲೆ ನಗುವುದಿಲ್ಲ.

ನನ್ನದು ಮೂರು. ಜಿಎನ್‌ಎಂ.
ಪಿಯುಸಿಯಲ್ಲಿ ಆರ್ಟ್ಸ್ ಓದಿದವಳು,
ಪಾಣಿಪತ್ತಿನ ಇಸವಿಗಳು ಇನ್ನೂ ಬಾಯಲ್ಲಿವೆ
ಪೊಟ್ಯಾಶಿಯಂ ಮಾತ್ರ ನಿಲ್ಲುವುದಿಲ್ಲ.

ಉಲ್ಲಾಸ ಹರಿಕಂತ್ರನದೂ ಮೂರೇ.
ವಾರ್ಡಿನ ಅಜ್ಜಂದಿರು ಅವನನ್ನೂ ಸಿಸ್ಟರ್ ಎಂದೇ ಕರೆಯುತ್ತಾರೆ.
ಮೊದಮೊದಲು ತಿದ್ದುತ್ತಿದ್ದ,
ಈಗ ಹ್ಞಾಂ, ಬಂದೆ ಎನ್ನುತ್ತಾನೆ.

ಮಾದೇವಕ್ಕನದು ಕೂಡಿಸಬೇಕು.
ಎರಡು ವರ್ಷದ ಎಎನ್‌ಎಂ ಮುಗಿಸಿ, ಹದಿನಾಲ್ಕು ವರ್ಷ
ಲಸಿಕೆಯ ಡಬ್ಬಿ ಹೊತ್ತು ಅಂಕೋಲೆಯ ಗುಡ್ಡ ಹತ್ತಿಳಿದು
ಈಗ ಮತ್ತೆ ನಮ್ಮ ಬೆಂಚಿನಲ್ಲಿ ಬಂದು ಕೂತವಳು.
ನಂದು ಜೀವಾವಧಿ ಮಾರಾಯ್ತಿ, ಅನ್ನುತ್ತಾಳೆ.

ಡಿಗ್ರಿಯಾದರೆ ಮುಂದೆ ಪಾಠ ಹೇಳಬಹುದು.
ಡಿಪ್ಲೊಮಾ ಆದರೆ ಬೇಗ ದುಡಿಯಬಹುದು,
ಆಮೇಲೆ ಎರಡು ವರ್ಷ ಪೋಸ್ಟ್ ಬೇಸಿಕ್ ಸೇರಿಸಿದರಾಯಿತು.
ಮೂರಕ್ಕೆ ಎರಡು ಐದು, ನಾಲ್ಕಕ್ಕಿಂತ ಜಾಸ್ತಿಯೇ ಆಯ್ತಲ್ಲ, ಎಂದ ಉಲ್ಲಾಸ.
ನಡುವೆ ಸಂಬಳ ಇರ್ತದಲ್ಲ, ಎಂದೆ.
ನಡುವೆ ಮದುವೆಯೂ ಇರ್ತದೆ, ಎಂದಳು ಲವಿನಾ.

ರಾತ್ರಿಯ ಮಾತನ್ನು ಯಾರೂ ಎತ್ತಲಿಲ್ಲ.
ಮೂರೂಕಾಲಕ್ಕೆ ಸದಾಶಿವಗಡದ ಮುದುಕಿ,
ವಾಂತಿಭೇದಿಗೆ ಒಣಮೀನಿನಂತಾದ ಕೈ.
ಲವಿನಾಳಿಗೆ ಆ ಕೈಯ ನರಗಳ ಹೆಸರೆಲ್ಲ ಗೊತ್ತು,
ಕರೆದರೆ ಒಂದೂ ಬರಲಿಲ್ಲ.
ನಾನು ಎರಡು ಸಲ ಚುಚ್ಚಿದೆ, ಎರಡು ಸಲ ತಪ್ಪಾಯ್ತು ಎಂದೆ.
ಮಾದೇವಕ್ಕ ಬಿಸಿನೀರಿನ ಬಟ್ಟೆ ಸುತ್ತಿ
ಕೈಯನ್ನು ಮಂಚದ ಆಚೆಗೆ ಇಳಿಬಿಟ್ಟು
ಕಣ್ಣು ಮುಚ್ಚಿದಳು.
ಇಳಿತದ ಹೊತ್ತು ಮರಳೊಳಗೆ ಬಳಚು ತಡಕುವ ಬೆರಳು.
ಅಲ್ಲಿತ್ತು.

ಆದರೆ ಹನಿಯ ಲೆಕ್ಕದಲ್ಲಿ ತಪ್ಪಿದವಳೂ ಅವಳೇ.
ನಿಮಿಷಕ್ಕೆಷ್ಟು ಎಂದು ಲವಿನಾ
ತನ್ನ ಅಂಗೈ ಮೇಲೆ ಪೆನ್ನಿನಲ್ಲಿ ಭಾಗಿಸಿ ತೋರಿಸಿದಳು.
ಅಕ್ಕ ಬಹಳ ಹೊತ್ತು ನೋಡಿದಳು ಆ ಅಂಗೈಯನ್ನು,
ಕಣಿ ಹೇಳುವವರ ಹಾಗೆ.
ಒಂದು ಚೀಟಿಯಲ್ಲಿ ಬರ್ಕೊಡು, ಅಂದಳು.

ಬೆಳಗಿನ ಜಾವ ಮುದುಕಿ ಕಣ್ಣು ತೆರೆದು
ಬಾಟಲಿ ನೋಡಿ ಕೇಳಿದಳು,
ಇದು ಎಷ್ಟು ಹೊತ್ತಿಂದು, ಸಿಸ್ಟರ್?
ಮೊದಲು ತಿರುಗಿದವನು ಉಲ್ಲಾಸ.

ಬನ್ಸ್ ಬಂತು. ಬಿಸಿ. ಹರಿದರೆ ಹೊಗೆ.
ಲವಿನಾಳ ಅಂಗೈಯಲ್ಲಿ ಎಣ್ಣೆ ತಾಗಿ
ಭಾಗಾಕಾರ ಅರ್ಧ ಅಳಿಸಿತ್ತು.
ಅಷ್ಟರಲ್ಲಿ ಶಿರಸಿಯಿಂದ ತಂಗಿಯ ಫೋನು:
ಅಕ್ಕಾ, ಶನಿವಾರ ಕಡೇ ದಿನ,
ಯಾವುದಕ್ಕೆ ಅರ್ಜಿ ಹಾಕ್ಲಿ?

ಮೂವರೂ ನನ್ನ ಮುಖ ನೋಡಿದರು.
ತಡಿ, ಎಂದೆ, ಬಾಯಲ್ಲಿ ಬನ್ಸ್ ಅದೆ,
ನುಂಗಿ ಹೇಳ್ತೆ.