ಹಿಡಿ

ನಮ್ಮ ಕೊಲ್ಲಿಯಲ್ಲಿ ಮರ ಬೆಳೆಯುವುದಿಲ್ಲ.
ಇರುವುದೆಲ್ಲ ತೇಲಿ ಬಂದದ್ದು.
ಸೈಬೀರಿಯದ ಯಾವುದೋ ನದಿ ಕಳೆದುಕೊಂಡ ದಿಮ್ಮಿ
ಮಂಜುಗಡ್ಡೆಯ ಹೆಗಲೇರಿ ನಾಲ್ಕೈದು ವರ್ಷ ಅಲೆದು
ಉಪ್ಪು ಕುಡಿದು, ತೊಗಟೆ ಕಳಚಿ
ಐಸ್‌ಲ್ಯಾಂಡಿನ ಈ ಬಡಗಣ ದಂಡೆಗೆ ಬಂದು ಮಲಗುತ್ತದೆ.
ಯಾರ ದಂಡೆಯೋ ಅವರ ಮರ. ಕಾನೂನು ಹಳೆಯದು.

ಚಾಕು ಅಷ್ಟು ಹಳೆಯದೇನಲ್ಲ.
ಅಜ್ಜಿ ರಾನ್‌ವೇಗ್ ಮುರಿದ ಕುಡುಗೋಲಿನಿಂದ ಮಾಡಿಸಿದ್ದು.
ಕುರಿ, ಕಾಡ್ ಮೀನು, ಒಮ್ಮೆ ನನ್ನ ಹೊಕ್ಕುಳಬಳ್ಳಿ,
ಎಲ್ಲ ಕೊಯ್ದು, ಮಸೆದು ಮಸೆದು
ಅಲಗು ಈಗ ಬೆರಳಗಲ.
ಹಿಡಿ ಹೋದ ಶರತ್ಕಾಲದಲ್ಲಿ ಸೀಳಿತು,
ಕುರಿ ಕೊಯ್ಯುವಾಗ, ನನ್ನ ಕೈಯಲ್ಲೇ.

ಕೆಟಿಲ್ ಮನೆಗೆ ಬಂದದ್ದೂ ಆ ವಾರವೇ.
ದೋಣಿಯ ರಾಟೆ ಹಗ್ಗದ ಜೊತೆ
ಅವನ ಬಲಗೈಯ ಎರಡು ಬೆರಳನ್ನೂ ಸುತ್ತಿಕೊಂಡಿತ್ತು,
ಕಿರುಬೆರಳು, ಉಂಗುರದ ಬೆರಳು.
ಆಸ್ಪತ್ರೆಯವರು ಚೆನ್ನಾಗಿ ಹೊಲಿದಿದ್ದರು.
ಆ ಕೈ ಜೇಬಿಗೆ ಹಾಕಿದವನು
ಊಟಕ್ಕೂ ತೆಗೆಯಲಿಲ್ಲ.

ಐದು ಬೆರಳೂ ಸಮ ಇರುವುದಿಲ್ಲ ಎಂದವರು
ಮೂರರ ವಿಷಯ ಏನೂ ಹೇಳಿ ಹೋಗಿಲ್ಲ.

ಜನವರಿಯಲ್ಲಿ, ಕೊಟ್ಟಿಗೆ ಹಿಂದಿನ ದಿಮ್ಮಿಯಿಂದ
ಒಂದು ಗೇಣು ಕೊಯ್ದು ತಂದೆ.
ಲಾರ್ಚ್. ಒಳಗೆ ಕೆಂಪು. ಮೂಗಿಗೆ ಹಿಡಿದರೆ
ಅಷ್ಟು ನೀರು ದಾಟಿಯೂ ಅಂಟಿನ ವಾಸನೆ.
ಹಳೆಯ ಹಿಡಿಯನ್ನು ಬಿಸಿನೀರಲ್ಲಿ ನೆನೆಸಿ ಬಿಚ್ಚಿದೆ.
ಹೆಬ್ಬೆರಳಿನ ಜಾಗದಲ್ಲಿ ಗುಳಿ,
ಅಜ್ಜಿ ತೋಡಿದ್ದು, ಅರವತ್ತು ವರ್ಷ, ಒತ್ತಿ ಒತ್ತಿ.
ನನ್ನ ಹೆಬ್ಬೆರಳು ಅಲ್ಲಿ ಎಂದೂ ಕೂರಲಿಲ್ಲ.
ತನ್ನದೂ ಕೂರುತ್ತಿರಲಿಲ್ಲ ಎಂದು ಅಮ್ಮ
ಕೊನೆಯ ಚಳಿಗಾಲದಲ್ಲಿ ಒಪ್ಪಿಕೊಂಡಿದ್ದಳು,
ಏನೋ ಕದ್ದವಳ ಹಾಗೆ.

ಅದೇ ಅಳತೆಗೆ ಕೆತ್ತುವುದೆಂದು ಪೆನ್ಸಿಲ್ ತೆಗೆದೆ.
ಗೆರೆ ಅರ್ಧಕ್ಕೆ ಬಂದಾಗ ಕೈ ನಿಂತಿತು.

ರೊಟ್ಟಿಗೆ ಕಲಸಿಟ್ಟ ರೈ ಹಿಟ್ಟಿತ್ತು. ಒಂದು ಹಿಡಿ ಮುರಿದು
ಕಿಟಕಿ ಬಳಿ ಕೂತವನ ಮುಂದೆ ಚಾಚಿ
"ಹಿಡಿ" ಅಂದೆ.
ಎಡಗೈ ನೀಡಿದ.
"ಅದಲ್ಲ."

ಎಷ್ಟು ಹೊತ್ತಾಯಿತೋ. ಆ ತಿಂಗಳು ನಮ್ಮಲ್ಲಿ
ಹಗಲೆಂದರೆ ಮೂರು ಗಂಟೆ,
ಅದರಲ್ಲಿ ಒಂದಷ್ಟು ಹಾಗೇ ಹೋಯಿತು.
ಆಮೇಲೆ ಜೇಬಿನಿಂದ ಅದು ಹೊರಬಂತು,
ಕಣ್ಣು ಬಿಡದ ಮರಿಯಂತೆ, ನಸುಗೆಂಪಗೆ.
ಹಿಟ್ಟನ್ನು ಹಿಸುಕಿತು. ಮೊದಲು ಮೆಲ್ಲಗೆ. ಆಮೇಲೆ
ಗೆಣ್ಣು ಬೆಳ್ಳಗಾಗುವ ಹಾಗೆ.

ಆ ಮುದ್ದೆಯನ್ನು ಮುಂದಿಟ್ಟುಕೊಂಡೇ ಕೆತ್ತಿದೆ.
ಬೆರಳಿಲ್ಲದ ಕಡೆ ಮರವನ್ನು ದಪ್ಪಗೆ ಬಿಟ್ಟೆ,
ಅಂಗೈ ಒರಗಲಿ ಎಂದು.
ಅಲಗಿನ ಬಾಲ ಕೆಂಪಗೆ ಕಾಯಿಸಿ ತೂತಿಗೆ ಇಳಿಸಿದಾಗ
ಸೈಬೀರಿಯ ಒಂದು ಸಲ ಹೊಗೆಯಾಡಿತು.
ಅಗಸೆ ಎಣ್ಣೆ ಮೂರು ಸಲ ಕುಡಿಸಿದೆ. ನಾಲ್ಕನೆಯದು ಬೇಡವೆಂದಿತು.

ನನ್ನ ಕೈಗೆ ಅದು ಒಗ್ಗುವುದಿಲ್ಲ ಈಗ.
ಮೀನು ಕೊಯ್ಯಲು ಹೋದರೆ ಹೊರಳುತ್ತದೆ, ಬೈಯುತ್ತೇನೆ.
"ಕೊಡು ಇಲ್ಲಿ" ಅನ್ನುತ್ತಾನೆ.
ಹಳೆಯ ಹಿಡಿ ಇನ್ನೂ ಡ್ರಾಯರಿನಲ್ಲಿದೆ.
ಒಲೆಗೆ ಅವನು ಹಾಕಲಿ ಎಂದು ನಾನು,
ನಾನು ಹಾಕಲಿ ಎಂದು ಅವನು.

ಹಿಟ್ಟನ್ನು ಬಿಸಾಡಲಿಲ್ಲ.
ಬೆರಳ ಗುರುತು ಸಮೇತ ಬೆಂದಿತು, ಅಂಚು ಸೀದಿತು.
ಹೊಸ ಹಿಡಿಯಲ್ಲಿ ಮೊದಲು ಕೊಯ್ದದ್ದು ಅದನ್ನೇ.
ಸೀದ ತುದಿ ತಾನಿಟ್ಟುಕೊಂಡ.
ಬೆಣ್ಣೆ ಸಾಲಲಿಲ್ಲ.