ಹನ್ನೊಂದು ಫೂಟು

ತೀನ್ ಕಂದೀಲಿನಿಂದ ಎಡಕ್ಕ ಹೊಳ್ಳಿದ್ರ ಕಲಾಯಿ ಓಣಿ.
ಆ ಓಣಿಯ ಬೋರ್ಡೆಲ್ಲ ಬರದವನು ನಾನೇ.
ಮಕ್ತುಂಸಾಬನ ಸೈಕಲ್ ಅಂಗಡಿ, ನರಸಮ್ಮನ ಹಿಟ್ಟಿನ ಗಿರಣಿ,
ಮೌಲಾಲಿಯ ತಗಡಿನ ಮ್ಯಾಲ
'ಇಲ್ಲಿ ಕಲಾಯಿ ಹಾಕಲಾಗುವುದು' –
ಜಾಗ ಸಾಲದ 'ಗುವುದು' ಕೆಳಗ ಜೋತುಬಿದ್ದು
ಹುಡುಗರು ವರ್ಷಗಟ್ಟಲೆ ನಕ್ಕರು.

ಹಳದಿ ಮ್ಯಾಲ ಕಪ್ಪು, ನೀಲಿ ಮ್ಯಾಲ ಬಿಳಿ.
ಕೆಂಪು ಬರೇ ನೆರಳಿಗೆ,
ಅಕ್ಷರದ ಬೆನ್ನಿಗೆ ಒಂದು ಎಳಿ.

ನಗರಸಭೆಯ ಸಾಹೇಬ ಕರಸಿದಾಗ
ಕೈಗೆ ಕೊಟ್ಟಿದ್ದು ಕೆಂಪು ಒಂದೇ, ಐದು ಲೀಟರು.
ಮನಿಗೊಂದು ಗೀಟು, ಗೀಟಿಗೊಂದು ಬಾಣ,
ಬಾಣದ ಬುಡಕ: ೧೧ ಫೂ.
ಗ್ವಾಡಿಗೆ ಹನ್ನೆರಡು ರೂಪಾಯಿ.
ಮುಂಗಡ ಇನ್ನೂರು ಇಸಕೊಂಡೆ. ಸುಳ್ಳ್ಯಾಕ ಹೇಳಲಿ.

ನಸುಕಿನ್ಯಾಗ ಹೋದೆ, ಯಾರೂ ಏಳೋಕಿಂತ ಮೊದಲ.
ಅವತ್ತೇ ನಳದ ಪಾಳಿ.
ಆಕಡೆ ಕೃಷ್ಣಾ, ಈಕಡೆ ತುಂಗಭದ್ರಾ,
ಎರಡು ಹೊಳಿ ನಡುವಿನ ಊರು,
ನಳ ಮಾತ್ರ ನಾಕು ದಿನಕ್ಕೊಮ್ಮೆ ಕೆಮ್ಮತೈತಿ.
ಕೊಡ ಹಚ್ಚಿ ನಿಂತಿದ್ದಳು ಲಾಲಬೀ.
'ಏನ್ ಬರಿಯಾಕತ್ತಿ ಹುಸೇನಪ್ಪ, ನಮ್ಮ ಮನಿಗೂ ಬೋರ್ಡೇನು?'
'ನಂಬರವ್ವ.'
'ಹಂಗಾದ್ರ ಚೆಂದಗ ಬರಿ.'
ಚೆಂದಗ ಬರದೆ.
ಎರಡು ಒಂದು, ಒಂದರ ಬಾಜೂಕ ಒಂದು,
ಜೋಡು ಕುಡಗೋಲಿನಂಗ.

ಜೇಸಿಬಿ ಬಂದದ್ದು ಹುಡುಗರ ಪರೀಕ್ಷಿ ದಿನ.
ಹನ್ನೊಂದು ಫೂಟು ಅಂದ್ರ ಎಷ್ಟು?
ಮಕ್ತುಂಸಾಬಗ ಅಂಗಡಿ ಪೂರ್ತಿ.
ನರಸಮ್ಮಗ ಗಿರಣಿ ಹೋಗಿ ಪಟ್ಟಾ ಉಳೀತು,
ಅದನ್ನ ಸುತ್ತಿ ಕಂಕುಳಾಗ ಇಟಗೊಂಡು ಕುಂತಳು ಸಂಜೀತನ.
ರುದ್ರಮುನಿ ಮಾಸ್ತರಿಗೆ ಪಡಸಾಲಿ ಹೋಗಿ
ಅಡಗಿ ಮನಿ ರಸ್ತಾಕ್ಕ ಬಂತು:
ನೀಲಿ ಹೊಡದ ಗ್ವಾಡಿ, ಗ್ವಾಡ್ಯಾಗ ಮಾಡ,
ಮಾಡದಾಗ ಉಪ್ಪಿನ ಭರಣಿ.
ಮಾನ್ವಿ ಬಸ್ಸಿನ್ಯಾಗ ಹೋಗೋರೆಲ್ಲ
ಮಾಸ್ತರ ಮನಿಯ ಉಪ್ಪಿನ ಭರಣಿ ನೋಡಿದರು.
ಮಾಸ್ತರ ಹೆಂಡತಿ ಧೂಳಿನ್ಯಾಗ ಹೋಗಿ
ಅದಕ್ಕೊಂದು ಅರಬಿ ಹೊಚ್ಚಿ ಬಂದಳು.

ಮೌಲಾಲಿಯ ತಿದಿ ಎಲ್ಲಿ ಹೋಯಿತೋ.
ಪಾತೇಲಿಯ ಹೊಟ್ಟ್ಯಾಗ ತವರ ತಿರುಗಿ
ಹುಣ್ಣಿಮಿ ಆಗೋದನ್ನ ನಾವೆಲ್ಲ ಕುಕ್ಕರಗಾಲಿಲೆ ನೋಡಿದ್ದೆವು.
ನವಸಾಗರದ ಹೊಗಿ ಮೂಗಿನ್ಯಾಗ ಇನ್ನೂ ಐತಿ.
ಅತ್ತರಿಗೂ ಹೋಗಿಲ್ಲ, ಟರ್ಪೆಂಟೈನಿಗೂ ಹೋಗಿಲ್ಲ.

ಓಣಿ ನಡುವ ಅಲಾಯಿ ಕುಣಿ ಇತ್ತು.
ನನ್ನ ಹೆಸರು ಹುಟ್ಟಿದ್ದು ಅಲ್ಲಿ.
ಮೂರು ಕೂಸು ಮಣ್ಣಿಗಿಟ್ಟ ಅವ್ವ
ಬೂದಿ ಹಚಗೊಂಡು ಬೇಡಿದ್ದಳಂತ:
ಇದೊಂದು ಉಳದ್ರ ನಿನ್ನ ಹೆಸರಿಡತೀನಿ.
ಈಗ ಅದರ ಮ್ಯಾಲ ಡಿವೈಡರು,
ಡಿವೈಡರಿನ್ಯಾಗ ನೀರು ಕಾಣದ ಕಣಗಿಲ ಗಿಡ.
ಈ ಸಲ ಖತಲ್ ರಾತ್ರಿ ನಾಕು ಮಂದಿ ಬಂದಿದ್ದೆವು,
ಗಿಡದ ಸುತ್ತ ಹೆಜ್ಜಿ ಹಾಕಿದೆವು, ಬೆಂಕಿ ಇಲ್ಲದ.
ಭತ್ತದ ಲಾರಿಯವ ಹಾರ್ನ್ ಹೊಡದ.
ಮೂರು ಮಂದಿ ಹೆಜ್ಜಿ ತಪ್ಪಲಿಲ್ಲ.

ಲಾಲಬೀಗೆ ಜಾಗ ಸಿಕ್ಕಿದ್ದು ಊರ ಹೊರಗ,
ಬೂದಿ ಹಾರಿ ಬರೋ ದಿಕ್ಕಿಗೆ.
ಹೋಗಬಾರದಂತ ಎರಡು ವರ್ಷ ಹೋಗಿರಲಿಲ್ಲ.
ಆಡಿನ ಗೂಡಿಗೆ ತಗಡು ಹೊಚ್ಚಿದ್ದಳು,
ಬಗ್ಗಿ ನೋಡಿದ್ರ ನನ್ನ ಕೈ:
'ಕಲಾಯಿ ಹಾಕಲಾ'
ಅಷ್ಟೇ ಉಳದಿತ್ತು.
ಜೋತುಬಿದ್ದ 'ಗುವುದು' ಯಾರ ಮನಿ ಪಾಲಾಯಿತೋ,
ಉಳದದ್ದು ಪ್ರಶ್ನಿ ಆಗಿ ಕುಂತಿತ್ತು,
ಕೆಳಗ ಆಡು ಮೆಲಕು ಹಾಕ್ತಿತ್ತು.

'ಅಕ್ಷರ ಇದ್ದ ಕಡೆ ತುಕ್ಕು ಹಿಡಿದಿಲ್ಲ ನೋಡು,
ನಡು ನಡುವ ಸೋರತೈತಿ' ಅಂದಳು ಚಾ ಕೊಟ್ಟು.
'ಇನ್ನಷ್ಟು ಒತ್ತೊತ್ತಿ ಬರೀಬೇಕಿತ್ತಪ ನೀನು.'
ನಂಬರಿನ ಮಾತು ಆಕಿ ತಗೀಲಿಲ್ಲ.

ನಾಳಿ ಬ್ರಷ್ ತರತೀನಿ ಅಂದೆ.
ಹಾದ್ಯಾಗ ನೆನಪಾತು:
ಮನ್ಯಾಗ ಉಳದಿದ್ದು
ಕೆಂಪು ಒಂದೇ.